ಬೀದರಿನ ವಜೀರ ಮಹಮೂದ್ ಗವಾನ್

ಉದಗೀರದಿಂದ ಕಮಲನಗರ, ಭಾಲ್ಕಿಗಳನ್ನು ಹಾದು ಬೀದರಿಗೆ ಹೋಗುವ ರೈಲು ನಡುವೆ ಒಂದು ರಾಜ್ಯದ ಗಡಿಯನ್ನು ದಾಟುತ್ತದೆ. ಈ ಗಡಿ ಬಹಳ ಹಳೆಯದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ಉಮರ್ಗಾದ ಜನಕ್ಕೆ ಬಸವಕಲ್ಯಾಣ ಇಂದಿಗೂ ನೆರೆಯೂರು. ಈ ಸೀಮೆಯಲ್ಲಿ ದುಡಿಮೆಯ ಮಾತು ಬಂದಾಗ ಕನ್ನಡ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಕಲ್ಯಾಣದ ಕಾಯಕತತ್ತ್ವ. ಅದು ಸಹಜವೂ ಹೌದು. ಆದರೆ ಕಾಯಕ ಮಾಡುವವನ ಮನಸ್ಸಿನಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಹಲವರು ಕೂಡಿ ದುಡಿಯುವ ಕಚೇರಿಯೊಂದು ಹೇಗೆ ನಡೆಯುತ್ತದೆ, ಅಲ್ಲಿ ಅಧಿಕಾರ ಯಾರಿಂದ ಯಾರಿಗೆ ಹರಿಯುತ್ತದೆ, ಅಲ್ಲಿಯವರು ಒಬ್ಬರನ್ನೊಬ್ಬರು ಏಕೆ ನಂಬುತ್ತಾರೆ ಅಥವಾ ನಂಬುವುದಿಲ್ಲ ಎಂಬ ಪ್ರಶ್ನೆ ಅದು. ಇಂದಿನ ಆಡಳಿತಶಾಸ್ತ್ರ ಇದನ್ನು ಸಂಸ್ಥೆಯ ಸಂಸ್ಕೃತಿ ಎಂದು ಕರೆಯುತ್ತದೆ. ಐದೂವರೆ ಶತಮಾನಗಳ ಹಿಂದೆ ಇದೇ ನೆಲದಲ್ಲಿ ಒಬ್ಬ ಮನುಷ್ಯ ಇಡೀ ರಾಜ್ಯದ ಕಚೇರಿಯನ್ನು ತಿದ್ದಲು ಹೊರಟ. ಅವನ ಬಾಳು ಆ ಪ್ರಶ್ನೆಯ ಒಳಹೊರಗನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ತೀಕ್ಷ್ಣವಾಗಿ ತೋರುತ್ತದೆ.

ಮಹಮೂದ್ ಗವಾನ್ ಹುಟ್ಟಿದ್ದು 1411ರಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಇರಾನಿನ ಗೀಲಾನ್ ಪ್ರಾಂತದಲ್ಲಿ. ಅವನ ಊರು ಕಾವಾನ್. ಆ ಹೆಸರೇ ದಖನ್ನಿನಲ್ಲಿ ಗವಾನ್ ಆಗಿ ಅವನಿಗೆ ಅಂಟಿಕೊಂಡಿತು. ಮನೆತನ ಮಂತ್ರಿಗಳದು. ಗೀಲಾನಿನ ಅರಮನೆಯಲ್ಲಿ ಹಿರಿಯ ಹುದ್ದೆಗಳು ಹೇಗೆ ದೊರೆಯುತ್ತವೆ, ಹೇಗೆ ಕೈತಪ್ಪುತ್ತವೆ ಎಂಬುದನ್ನು ಅವನು ಬಾಲ್ಯದಿಂದಲೇ ಕಂಡಿದ್ದ. ಅಲ್ಲಿಯ ಒಳಸಂಚುಗಳಿಂದ ಬೇಸತ್ತು ನಾಡುಬಿಟ್ಟ ಅವನು ವರ್ತಕನಾದ. ಸರಕಿನೊಡನೆ ಹಲವು ದೇಶಗಳನ್ನು ಸುತ್ತಿದ, ಹೋದಲ್ಲೆಲ್ಲ ವಿದ್ವಾಂಸರ ಒಡನಾಟ ಬೆಳೆಸಿದ. 1453ರಲ್ಲಿ ಕೊಂಕಣದ ದಾಭೋಳ ಬಂದರಿಗೆ ಹಡಗಿನಿಂದ ಇಳಿದಾಗ ಅವನಿಗೆ ನಾಲ್ವತ್ತು ದಾಟಿತ್ತು. ಬೀದರಿನಲ್ಲಿ ನೆಲೆಸಿದ್ದ ಸೂಫಿ ಸಂತ ಮುಹಿಬ್ಬುಲ್ಲಾನ ದರ್ಶನ ಪಡೆದು ಮುಂದೆ ದಿಲ್ಲಿಗೆ ಹೋಗುವುದು ಅವನ ಉದ್ದೇಶವಾಗಿತ್ತು. ದಿಲ್ಲಿಯ ಪಯಣ ನಡೆಯಲೇ ಇಲ್ಲ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ ಅವನ ವಿದ್ವತ್ತನ್ನೂ ಲೋಕಾನುಭವವನ್ನೂ ಮೆಚ್ಚಿ ಸಾವಿರ ಕುದುರೆಯ ಸರದಾರಿಕೆ ಕೊಟ್ಟು ತನ್ನಲ್ಲೇ ಉಳಿಸಿಕೊಂಡ.

ಬಂದವನು ಸೇರಿದ್ದು ಒಡೆದ ಮನೆಯನ್ನು. ಬಹಮನಿ ದರ್ಬಾರಿನಲ್ಲಿ ಎರಡು ಬಣಗಳಿದ್ದವು. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ್ದ ಮುಸಲ್ಮಾನ ಮನೆತನಗಳೂ ಇಲ್ಲಿಯೇ ಹುಟ್ಟಿ ಮತಾಂತರಗೊಂಡವರೂ ದಖನಿಗಳೆನಿಸಿದ್ದರು. ಆಫ್ರಿಕಾ ಮೂಲದ ಹಬಶಿಗಳು ಬಹುಮಟ್ಟಿಗೆ ಇವರ ಜೊತೆಗಿದ್ದರು. ಇರಾನ್, ಇರಾಕ್, ತುರ್ಕಿಸ್ತಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಹೊರಗಿನಿಂದ ಬಂದವರ ಯುದ್ಧಕೌಶಲವೂ ಬರವಣಿಗೆಯೂ ಸುಲ್ತಾನರಿಗೆ ಬೇಕಾಗಿದ್ದವು. ಆದರೆ ಬಂದವರು ಬೇಗ ಮೇಲೇರುವುದನ್ನು ಇಲ್ಲಿಯವರು ತಮ್ಮ ಪಾಲಿನ ಅನ್ನ ಕಸಿದಂತೆ ಕಾಣುತ್ತಿದ್ದರು. ಗವಾನ್ ಬರುವ ಕೆಲವೇ ವರ್ಷಗಳ ಹಿಂದೆ ಪುಣೆಯ ಬಳಿಯ ಚಾಕಣದಲ್ಲಿ, ಸುಲ್ತಾನನಿಗೆ ಸುಳ್ಳು ವರದಿ ಒಪ್ಪಿಸಿ ಆಫಾಕಿ ಸೈನಿಕರ ದೊಡ್ಡದೊಂದು ತಂಡವನ್ನು ಕೊಲ್ಲಿಸಲಾಗಿತ್ತು. ಸುಳ್ಳು ಬಯಲಾದಾಗ ಪ್ರತಿಯಾಗಿ ದಖನಿಗಳ ತಲೆ ಉರುಳಿದವು. ಒಂದು ಕಾಗದ ಅರಮನೆಗೆ ಹೋದರೆ ಸಾಕು, ವಿಚಾರಣೆಯಿಲ್ಲದೆ ನೂರಾರು ಜನ ಸಾಯಬಹುದೆಂಬ ಪಾಠವನ್ನು ಬೀದರಿನ ಅಧಿಕಾರಿವರ್ಗ ಅಂದೇ ಕಲಿತಿತ್ತು. ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. 1481ರಲ್ಲಿ ಅದರ ನೆರಳು ಮತ್ತೆ ಬೀಳುತ್ತದೆ.

ನಲಗೊಂಡದ ಕಡೆಯ ದಂಗೆಯೊಂದನ್ನು ಅಡಗಿಸಿದ ಮೇಲೆ ಗವಾನನ ಏಳಿಗೆ ನಿಲ್ಲಲಿಲ್ಲ. ಕ್ರೌರ್ಯಕ್ಕೆ ಹೆಸರಾದ ಹುಮಾಯೂನ್ ಷಾ 1458ರಲ್ಲಿ ಪಟ್ಟಕ್ಕೆ ಬಂದವನು ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದನ್ನಿತ್ತ. ವಿಜಾಪುರ ಪ್ರಾಂತದ ಆಡಳಿತವನ್ನೂ ಒಪ್ಪಿಸಿದ. ಮೂರೇ ವರ್ಷಗಳಲ್ಲಿ ಹುಮಾಯೂನ್ ಸತ್ತು ಎಂಟು ವರ್ಷದ ಮಗ ನಿಜಾಮ್ ಷಾ ಸುಲ್ತಾನನಾದಾಗ ಆಡಳಿತ ಮೂವರ ಕೈಗೆ ಬಂತು: ರಾಜಮಾತೆ, ಖ್ವಾಜಾ ಜಹಾನ್ ತುರ್ಕ, ಮಹಮೂದ್ ಗವಾನ್. ಮಂತ್ರಿಗಳಿಬ್ಬರೂ ದಿನವೂ ಅರಮನೆಗೆ ಬರುತ್ತಿದ್ದರು. ರಾಜಮಾತೆ ಒಳಗಿನಿಂದ ದಾಸಿಯೊಬ್ಬಳ ಮೂಲಕ ಎಲ್ಲವನ್ನೂ ಕೇಳಿ ತೀರ್ಮಾನ ತಿಳಿಸುತ್ತಿದ್ದಳು. ಮಾಳವದ ಮಹಮೂದ್ ಖಲ್ಜಿ ದಂಡೆತ್ತಿ ಬಂದು ರಾಜಧಾನಿಯನ್ನೇ ಹಿಡಿದಾಗಲೂ ಈ ವ್ಯವಸ್ಥೆ ಮುರಿಯಲಿಲ್ಲ. ಗುಜರಾತಿನ ಸುಲ್ತಾನನ ನೆರವು ಪಡೆದು ಅವರು ರಾಜ್ಯವನ್ನು ಉಳಿಸಿಕೊಂಡರು. ಬಹಮನಿ ಚರಿತ್ರೆಯಲ್ಲಿ ತೀರ್ಮಾನಗಳನ್ನು ಒಬ್ಬರಲ್ಲದೆ ಮೂವರು ಕೂಡಿ ತೆಗೆದುಕೊಂಡ ಕಾಲ ಇದೊಂದೇ ಎನ್ನಬಹುದು. ಅದೂ ಹೆಚ್ಚು ಕಾಲ ಬಾಳಲಿಲ್ಲ. 1463ರಲ್ಲಿ ನಿಜಾಮ್ ಷಾ ತೀರಿಕೊಂಡು ಅವನ ತಮ್ಮ ಮೂರನೆಯ ಮುಹಮ್ಮದ್ ಷಾ ಪಟ್ಟವೇರಿದ. ಖ್ವಾಜಾ ಜಹಾನ್ ತುರ್ಕನ ಅಧಿಕಾರದಾಹ ಮಿತಿಮೀರಿತೆಂದು 1466ರಲ್ಲಿ ದರ್ಬಾರಿನಲ್ಲಿಯೇ ಅವನ ಕೊಲೆಯಾಯಿತು. ರಾಜಮಾತೆ ಕ್ರಮೇಣ ಹಿಂದೆ ಸರಿದಳು. ಉಳಿದವನು ಗವಾನ್ ಒಬ್ಬನೇ. ಸತ್ತವನ ಬಿರುದಾದ ಖ್ವಾಜಾ ಜಹಾನ್ ಎಂಬುದೂ ಅವನಿಗೇ ಬಂತು.

ಮುಂದಿನ ಹದಿನೈದು ವರ್ಷ ಬಹಮನಿ ರಾಜ್ಯವೆಂದರೆ ಗವಾನನ ಆಡಳಿತ. 1469ರಿಂದ 1472ರವರೆಗೆ ಅವನು ಕೊಂಕಣದ ಕಾಡುಗಳಲ್ಲಿ, ಮಳೆ ಕೆಸರುಗಳ ನಡುವೆ ದುರ್ಗಮ ಕೋಟೆಗಳಿಗಾಗಿ ಹೋರಾಡಿದ. 1472ರ ಫೆಬ್ರವರಿಯಲ್ಲಿ ವಿಜಯನಗರದ ವಶದಲ್ಲಿದ್ದ ಗೋವೆಯನ್ನು ಗೆದ್ದ. ರಣರಂಗದಿಂದ ಅವನು ಬರೆದ ಕಾಗದಗಳಲ್ಲಿ ಶತ್ರುವಿನ ಬಗೆಗಿನ ದೂರಿಗಿಂತ ರಾಜಧಾನಿಯಲ್ಲಿದ್ದುಕೊಂಡು ತನ್ನ ಕೆಲಸಕ್ಕೆ ಅಡ್ಡಿಮಾಡುತ್ತಿದ್ದವರ ಬಗೆಗಿನ ಕೊರಗು ಆಳವಾಗಿದೆ. ಗೆದ್ದು ಬಂದಾಗ ಸುಲ್ತಾನನೇ ಅವನ ಮನೆಗೆ ಹೋಗಿ ಒಂದು ವಾರ ಅತಿಥಿಯಾಗಿದ್ದ. ಸುಲ್ತಾನ ಹೊರಟ ಮೇಲೆ ಗವಾನ್ ಕೋಣೆಯ ಬಾಗಿಲು ಹಾಕಿಕೊಂಡು, ಬೆಲೆಬಾಳುವ ಉಡುಪು ಕಳಚಿ ಫಕೀರನ ಬಟ್ಟೆ ತೊಟ್ಟು ಅತ್ತನೆಂದೂ, ಆನೆ, ಕುದುರೆ, ಪುಸ್ತಕಗಳ ಹೊರತು ಮನೆಯಲ್ಲಿದ್ದುದನ್ನೆಲ್ಲ ಬಡವರಿಗೂ ವಿದ್ವಾಂಸರಿಗೂ ಹಂಚಿದನೆಂದೂ ಫೆರಿಷ್ತಾ ಬರೆದಿದ್ದಾನೆ. ಆನೆ ಕುದುರೆಗಳು ಸುಲ್ತಾನನವು, ಪುಸ್ತಕಗಳು ವಿದ್ಯಾರ್ಥಿಗಳವು, ಆದ್ದರಿಂದ ಅವು ಕೊಡಲು ತನ್ನವಲ್ಲ ಎಂಬುದು ಅವನ ಸಮಾಧಾನ. ಇದನ್ನು ಬರಿಯ ವೈರಾಗ್ಯವೆಂದು ಓದಿದರೆ ಅರ್ಧ ಓದಿದಂತೆ. ಒಡೆಯನ ಅತಿಯಾದ ಒಲವು ಎಷ್ಟು ಕಣ್ಣುಗಳನ್ನು ಕೆಂಪಾಗಿಸುತ್ತದೆಂಬುದು ಗೀಲಾನಿನ ಮಂತ್ರಿಮನೆತನದವನಿಗೆ ತಿಳಿಯದ ಸಂಗತಿಯಲ್ಲ.

ಆ ಪುಸ್ತಕಗಳು ಸೇರಿದ್ದು ಬೀದರಿನ ಮದರಸಾವನ್ನು. 1472ರ ಸುಮಾರಿಗೆ ಮುಗಿದ ಆ ಕಟ್ಟಡ ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನದು. ಮುಂಭಾಗಕ್ಕೆ ಬಣ್ಣದ ಹೆಂಚುಗಳ ಹೊದಿಕೆ. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಸತಿ ಅಲ್ಲಿದ್ದವು. ಹೆರಾತಿನ ಮಹಾಕವಿ ಜಾಮಿಯೊಡನೆ ಗವಾನನಿಗೆ ಪತ್ರವ್ಯವಹಾರವಿತ್ತು. ಬೀದರಿಗೆ ಬರಬೇಕೆಂದು ಕರೆದ, ಜಾಮಿ ಬರಲಿಲ್ಲ. ಅವನ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ; ಪತ್ರಲೇಖನದ ಕಲೆಯನ್ನೇ ಕುರಿತ ಇನ್ನೊಂದು ಗ್ರಂಥ ಮನಾಜಿರ್-ಉಲ್-ಇನ್ಶಾ. ಕಾಗದ ಬರೆಯುವುದನ್ನು ಶಾಸ್ತ್ರವೆಂದು ತಿಳಿದಿದ್ದ ಮಂತ್ರಿಯವನು. ಅವನನ್ನು ಕೊಂದದ್ದೂ ಕಾಗದವೇ.

ಗೋವೆಯಿಂದ ರಾಜಮಹೇಂದ್ರಿಯವರೆಗೆ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ರಾಜ್ಯ ಹಬ್ಬಿದಾಗ ಹಳೆಯ ವ್ಯವಸ್ಥೆ ಹಿಡಿತಕ್ಕೆ ಸಿಗದಾಯಿತು. ಕಲಬುರಗಿ, ದೌಲತಾಬಾದ, ಬೇರಾರ, ತೆಲಂಗಾಣ ಎಂಬ ನಾಲ್ಕು ತರಫುಗಳು ಅಷ್ಟು ದೊಡ್ಡವಾದದ್ದರಿಂದ ಪ್ರತಿಯೊಬ್ಬ ತರಫದಾರನೂ ಮನಸ್ಸು ಮಾಡಿದರೆ ರಾಜನೇ ಆಗಬಹುದಿತ್ತು. ಗವಾನ್ ನಾಲ್ಕನ್ನು ಎಂಟು ಮಾಡಿದ. ಬೇರಾರದಿಂದ ಗಾವೀಲ ಮತ್ತು ಮಾಹೂರ, ದೌಲತಾಬಾದದಿಂದ ದೌಲತಾಬಾದ ಮತ್ತು ಜುನ್ನರ, ಕಲಬುರಗಿಯಿಂದ ಕಲಬುರಗಿ ಮತ್ತು ವಿಜಾಪುರ, ತೆಲಂಗಾಣದಿಂದ ವಾರಂಗಲ್ಲು ಮತ್ತು ರಾಜಮಹೇಂದ್ರಿ. ಪ್ರತಿ ತರಫಿನಲ್ಲೂ ಒಂದಿಷ್ಟು ಭೂಮಿಯನ್ನು ನೇರವಾಗಿ ಸುಲ್ತಾನನ ಖಜಾನೆಗೆ ಬಿಡಿಸಿಕೊಂಡ. ಅದಕ್ಕಿಂತ ದಿಟ್ಟವಾದದ್ದು ಕೋಟೆಗಳ ನಿಯಮ. ತರಫದಾರನ ಕೈಯಲ್ಲಿ ಒಂದೇ ಕೋಟೆ ಇರಬೇಕು. ಮಿಕ್ಕ ಕೋಟೆಗಳ ಕಿಲ್ಲೇದಾರರನ್ನು ಬೀದರೇ ನೇಮಿಸಬೇಕು, ಅವರು ಬೀದರಿಗೇ ಲೆಕ್ಕ ಒಪ್ಪಿಸಬೇಕು. ಊರುಗಳ ಗಡಿ ಗುರುತಿಸಿ, ಭೂಮಿಯನ್ನು ಅಳೆಸಿ, ಕಂದಾಯದ ದಾಖಲೆ ಬರೆಸಲಾಯಿತು.

ಸೈನ್ಯದ ಸಂಬಳದ ನಿಯಮ ಇನ್ನೂ ಕುತೂಹಲಕರ. ಐನೂರು ಸೈನಿಕರನ್ನು ಸಾಕುವ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಸಲ್ಲುತ್ತಿತ್ತು. ಗವಾನ್ ಅದನ್ನು ಒಂದೂಕಾಲು ಲಕ್ಷಕ್ಕೆ ಏರಿಸಿದ. ಸರದಾರರು ಹಿಗ್ಗಿರಬೇಕು. ಜೊತೆಗೇ ಬಂದ ಕಟ್ಟಳೆ ಆ ಹಿಗ್ಗನ್ನು ಇಳಿಸಿತು: ಲೆಕ್ಕದಲ್ಲಿ ತೋರಿಸಿದ ಸೈನಿಕರಲ್ಲಿ ಎಷ್ಟು ಜನ ಹಾಜರಿಲ್ಲವೋ ಅಷ್ಟು ಜನರ ಹಣ ಕಡಿತ. ಹೆಸರು ಪಟ್ಟಿಯಲ್ಲಿದ್ದು ಆಳು ಇಲ್ಲದ ದಂಡುಗಳಿಂದ ಬಾಳುತ್ತಿದ್ದವರಿಗೆ ಇದು ಹೊಟ್ಟೆಗೆ ಬಿದ್ದ ಏಟು. ಹಾಜರಿ, ದಫ್ತರು, ಗುಮಾಸ್ತ, ವಸೂಲಿ, ಅರ್ಜಿ, ಮೊಹರು, ಜವಾಬ್ದಾರಿ ಮೊದಲಾದ ಕನ್ನಡದ ಕಚೇರಿಮಾತುಗಳಲ್ಲಿ ಬಹುಪಾಲು ಪಾರಸಿ ಅರಬಿಗಳಿಂದ ಬಂದವು. ಬಹಮನಿಗಳಿಂದ ನಿಜಾಮರವರೆಗಿನ ದೀರ್ಘ ಆಡಳಿತದಲ್ಲಿ ಅವು ನಮ್ಮ ನುಡಿಯೊಳಗೆ ನೆಲೆಸಿದವು. ಭಾಷಾಶಾಸ್ತ್ರದ ತರಗತಿಯಲ್ಲಿ ಎರವಲು ಪದಗಳೆಂದು ಪಟ್ಟಿಮಾಡುವ ಈ ಮಾತುಗಳ ಹಿಂದೆ ಯಾರದೋ ಸಂಬಳ ಕಡಿತವಾದ ಕಥೆಗಳೂ ಇವೆ.

ಹುದ್ದೆ ಬೇರೆ, ಹುದ್ದೆಯಲ್ಲಿ ಕುಳಿತ ವ್ಯಕ್ತಿ ಬೇರೆ. ಕಚೇರಿಯ ಸೊತ್ತು ಅಧಿಕಾರಿಯ ಸೊತ್ತಲ್ಲ. ಎಲ್ಲವೂ ಲಿಖಿತ ನಿಯಮದಂತೆ ನಡೆಯಬೇಕು. ಇದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಧುನಿಕ ಅಧಿಕಾರಿವರ್ಗದ ಲಕ್ಷಣವೆಂದು ಗುರುತಿಸಿದ್ದು. ಗವಾನನ ಕೋಟೆಯ ನಿಯಮ, ಹಾಜರಿಯ ನಿಯಮಗಳು ಆ ದಿಕ್ಕಿಗೆ ಇಟ್ಟ ಹೆಜ್ಜೆಗಳು. ತನ್ನ ಬದುಕಿನಲ್ಲೂ ಅವನು ಎರಡು ಹಣದ ಚೀಲಗಳನ್ನು ಬೇರೆಬೇರೆ ಇಟ್ಟಿದ್ದ. ಜಹಗೀರಿನ ಹುಟ್ಟುವಳಿ ಸೈನ್ಯಕ್ಕೂ ಸರ್ಕಾರದ ಕೆಲಸಕ್ಕೂ ಹೋಗುತ್ತಿತ್ತು. ಊಟದ ಖರ್ಚೂ ದಾನವೂ ಸ್ವಂತ ವ್ಯಾಪಾರದ ಲಾಭದಿಂದ ನಡೆಯುತ್ತಿದ್ದವು. ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದ. ಆದರೂ ವೆಬರನ ಅಳತೆಗೋಲು ಹಿಡಿದರೆ ಅವನೂ ಪೂರ್ತಿ ಹೊಂದುವುದಿಲ್ಲ. ರಾಜ್ಯದ ಪ್ರಧಾನಿ ವ್ಯಾಪಾರವನ್ನು ಬಿಟ್ಟಿರಲಿಲ್ಲ. ತರಫುಗಳನ್ನು ಒಡೆದು ಇತರರ ಕೈ ಕಿರಿದುಗೊಳಿಸಿದವನು ವಿಜಾಪುರ ತರಫನ್ನು ಪ್ರಧಾನಿಪದವಿಯ ಜೊತೆಗೇ ತನ್ನಲ್ಲಿ ಇಟ್ಟುಕೊಂಡಿದ್ದ. ಇದನ್ನು ಅವನ ಪ್ರಾಮಾಣಿಕತೆಯ ಕೊರತೆ ಎನ್ನಲಾಗದು. ಆದರೆ ಕಳೆದುಕೊಂಡವರ ಕಣ್ಣಿಗೆ ಅದು ಹೇಗೆ ಕಂಡಿರಬಹುದೆಂದು ಅವನು ಯೋಚಿಸಿದಂತೆ ತೋರುವುದಿಲ್ಲ. ದೊಡ್ಡ ಸುಧಾರಕರಿಗೆ ಈ ಕುರುಡು ಹೊಸದಲ್ಲ.

ಬಣಗಳ ಬಗೆಗೆ ಅವನು ಕುರುಡನಾಗಿರಲಿಲ್ಲ. ಎಂಟು ತರಫುಗಳನ್ನು ಹಂಚುವಾಗ ತೂಕ ತಪ್ಪದಂತೆ ನೋಡಿಕೊಂಡ. ದೌಲತಾಬಾದಕ್ಕೆ ತನ್ನ ಆಪ್ತನಾದ ಆಫಾಕಿ ಯೂಸುಫ್ ಆದಿಲ್ ಖಾನ್. ಗಾವೀಲಕ್ಕೆ ಫತಹುಲ್ಲಾ ಇಮಾದ್-ಉಲ್-ಮುಲ್ಕ್. ಮಾಹೂರ, ಕಲಬುರಗಿಗಳಿಗೆ ಹಬಶಿ ಸರದಾರರು. ರಾಜಮಹೇಂದ್ರಿಗೆ ದಖನಿಗಳ ಮುಖಂಡ ನಿಜಾಮ್-ಉಲ್-ಮುಲ್ಕ್ ಮಲಿಕ್ ಹಸನ್ ಬಹ್ರಿ. ಈ ಮಲಿಕ್ ಹಸನ್ ಹುಟ್ಟಿನಿಂದ ಬ್ರಾಹ್ಮಣ, ಮರಾಠವಾಡದ ಪಾಥ್ರಿಯ ಕುಲಕರ್ಣಿ ಮನೆತನದ ಮೂಲದವನು, ವಿಜಯನಗರದೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕು ಬಾಲ್ಯದಲ್ಲೇ ಬೀದರಿಗೆ ಬಂದವನು ಎಂದು ಫೆರಿಷ್ತಾ ಹೇಳುತ್ತಾನೆ. ಹಿಂದೆ ಇಡೀ ತೆಲಂಗಾಣ ಅವನದಾಗಿತ್ತು. ಈಗ ಅರ್ಧವೇ ಉಳಿಯಿತು. ಕಾಗದದ ಮೇಲೆ ಸಮತೋಲ ಸಾಧಿಸಿದ ಹಂಚಿಕೆ ಅವನ ಎದೆಯಲ್ಲಿ ನಷ್ಟವಾಗಿಯೇ ದಾಖಲಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ಗರ್ ಶೈನ್ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಸ್ಥೆಯ ಸಂಸ್ಕೃತಿಗೆ ಮೂರು ಪದರಗಳನ್ನು ಹೇಳಿದ್ದಾನೆ. ಮೇಲೆ ಕಣ್ಣಿಗೆ ಕಾಣುವ ಕಟ್ಟಡ, ನಿಯಮ, ಆಚರಣೆಗಳು. ಅದರ ಕೆಳಗೆ ಎಲ್ಲರೂ ಬಾಯಲ್ಲಿ ಒಪ್ಪುವ ಮೌಲ್ಯಗಳು. ತಳದಲ್ಲಿ ಯಾರೂ ಆಡಿ ತೋರಿಸದ, ಆದರೆ ಎಲ್ಲರೂ ನಡೆದುಕೊಳ್ಳುವ ನಂಬಿಕೆಗಳು. ಬೀದರಿನಲ್ಲಿ ಮೊದಲ ಪದರ ಬದಲಾಗಿತ್ತು. ಎರಡನೆಯದನ್ನು ದರ್ಬಾರಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ತಳದಲ್ಲಿ ಮಾತ್ರ ಚಾಕಣದ ಪಾಠ ಹಾಗೆಯೇ ಕುಳಿತಿತ್ತು: ಎದುರಾಳಿಯನ್ನು ಮಾತಿನಿಂದ ಗೆಲ್ಲಬೇಕಿಲ್ಲ, ಒಡೆಯನ ಕಿವಿಯೊಂದು ಸಿಕ್ಕರೆ ಸಾಕು. ಆಪಾದನೆ ಬಂದ ಅಧಿಕಾರಿಯ ಮಾತು ಕೇಳುವ ಸಭೆಯಾಗಲಿ ಪದ್ಧತಿಯಾಗಲಿ ಆ ರಾಜ್ಯದಲ್ಲಿರಲಿಲ್ಲ. ಇಷ್ಟೆಲ್ಲ ನಿಯಮ ತಂದ ಗವಾನ್ ಅದೊಂದನ್ನು ತಂದಿರಲಿಲ್ಲ.

1481ರಲ್ಲಿ ಸುಲ್ತಾನ ಪೂರ್ವದ ದಂಡಯಾತ್ರೆಯಲ್ಲಿದ್ದ. ಕಂಚಿಯವರೆಗೆ ನುಗ್ಗಿ ದೋಚಿ ಬಂದಿದ್ದ. ಆಗಲೇ ಸಂಚು ರೂಪುಗೊಂಡಿತು. ಗವಾನನ ಮೊಹರು ಕಾಯುತ್ತಿದ್ದ ಹಬಶಿ ಗುಲಾಮನನ್ನು ಕೆಲವರು ಉಡುಗೊರೆಗಳಿಂದ ಒಲಿಸಿಕೊಂಡರು. ಒಂದು ದಿನ ಅವನು ಕುಡಿದು ಮೈಮರೆತಿದ್ದಾಗ ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ಸ್ನೇಹಿತನೊಬ್ಬನ ಲೆಕ್ಕ, ಹಲವು ಕಚೇರಿಗಳ ಮೊಹರು ಬಿದ್ದಾಗಿದೆ, ನಿನ್ನದೊಂದು ಬೇಕು ಎಂದು ನಂಬಿಸಿದರು. ಅವನು ಬಿಚ್ಚಿ ನೋಡದೆ ಮೊಹರೊತ್ತಿದ. ಕಾಗದ ಬರಿದಾಗಿತ್ತು. ಅದರ ಮೇಲೆ ಗವಾನನು ಒರಿಸ್ಸಾದ ರಾಜನಿಗೆ ಬರೆದಂತೆ, ದಂಡೆತ್ತಿ ಬಾ, ರಾಜ್ಯ ಹಂಚಿಕೊಳ್ಳೋಣ ಎಂಬ ಅರ್ಥದ ದ್ರೋಹಪತ್ರ ಸಿದ್ಧವಾಯಿತು. ಮಲಿಕ್ ಹಸನ್ ಹತ್ತಿರದಲ್ಲಿದ್ದ ಹೊತ್ತು ನೋಡಿ ಅದನ್ನು ಸುಲ್ತಾನನಿಗೆ ತೋರಿಸಲಾಯಿತು.

ಕರೆ ಬಂದಾಗ ಗೆಳೆಯರು ಗವಾನನನ್ನು ತಡೆದರು. ಗುಜರಾತಿನ ಕಡೆಗೆ ಹೊರಟುಬಿಡಲು ಕುದುರೆಗಳೂ ಆಳುಗಳೂ ಸಿದ್ಧವಿದ್ದವು. ಅವನು ಒಪ್ಪಲಿಲ್ಲ. ಇಷ್ಟು ವರ್ಷ ಸೇವೆ ಮಾಡಿದ ಮನೆಯ ಕರೆಗೆ ಓಗೊಡದಿರುವುದೇ ತಪ್ಪೊಪ್ಪಿಗೆಯಾದೀತೆಂದು ಅವನು ಎಣಿಸಿರಬೇಕು. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ಸುಲ್ತಾನನ ಮುಂದೆ ನಿಂತ. ಸುಲ್ತಾನ ಕುಡಿದಿದ್ದ. ದ್ರೋಹಿಗೆ ಏನು ಶಿಕ್ಷೆಯೆಂದು ಕೇಳಿದ. ಮರಣವೆಂದು ಗವಾನ್ ಸಹಜವಾಗಿ ಉತ್ತರಿಸಿದ. ಪತ್ರ ಮುಂದೆ ಬಂತು. ಮೊಹರು ತನ್ನದೇ, ಬರಹ ಮಾತ್ರ ತನ್ನದಲ್ಲ ಎಂದ. ಆ ಎರಡರ ನಡುವಿನ ಅಂತರವನ್ನು ತನಿಖೆ ಮಾಡುವ ತಾಳ್ಮೆ ಸುಲ್ತಾನನಿಗಿರಲಿಲ್ಲ. ಜೌಹರ್ ಎಂಬ ಗುಲಾಮನಿಗೆ ಸನ್ನೆ ಮಾಡಿ ಒಳಗೆ ಎದ್ದುಹೋದ. ಎಪ್ಪತ್ತರ ಮುದುಕನ ತಲೆ ಅಲ್ಲಿಯೇ ಉರುಳಿತು.

ಅಪಾರ ಸಂಪತ್ತು ಸಿಗುವುದೆಂದು ಸುಲ್ತಾನ ಗವಾನನ ಖಜಾಂಚಿಯನ್ನು ಕರೆಸಿದ. ಸಿಕ್ಕಿದ್ದು ಎರಡು ಚೀಲಗಳ ಲೆಕ್ಕ ಮತ್ತು ಅತ್ಯಲ್ಪ ಹಣ. ಅದಕ್ಕಿಂತ ಸಂಕಟದ ಪ್ರಶ್ನೆಯನ್ನು ಖಜಾಂಚಿಯೇ ಕೇಳಿದ: ಪತ್ರ ಒಯ್ಯುತ್ತಿದ್ದ ದೂತ ಎಲ್ಲಿ, ಅವನನ್ನೇಕೆ ಹಿಡಿದು ತರಲಿಲ್ಲ? ಉತ್ತರ ಕೊಡುವವರು ಯಾರೂ ಇರಲಿಲ್ಲ. ಪ್ರಭುವಿನ ಪಶ್ಚಾತ್ತಾಪ ತಡವಾಗಿತ್ತು. ಯೂಸುಫ್ ಆದಿಲ್ ಖಾನನೂ ಇತರ ಸರದಾರರೂ ಸುಲ್ತಾನನ ಬೀಡಿನಿಂದ ದೂರದಲ್ಲಿ ಡೇರೆ ಹಾಕಿಕೊಂಡರು. ಅಂಥ ಮಂತ್ರಿಗೇ ಈ ಗತಿಯಾದರೆ ತಮ್ಮದೇನೆಂಬ ಅಂಜಿಕೆ ಅವರದು. ವರ್ಷ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ಮೂವತ್ತು ಮುಟ್ಟದ ಸುಲ್ತಾನ ತೀರಿಕೊಂಡ. ಅಧಿಕಾರ ಹಿಡಿದ ಮಲಿಕ್ ಹಸನನೂ ನಾಲ್ಕೈದು ವರ್ಷಗಳಲ್ಲಿ ಕೊಲೆಯಾದ. 1490ರ ಸುಮಾರಿಗೆ ಅವನ ಮಗ ಅಹಮದನು ಅಹಮದನಗರದ, ಯೂಸುಫ್ ಆದಿಲ್ ವಿಜಾಪುರದ, ಫತಹುಲ್ಲಾ ಇಮಾದ್ ಬೇರಾರದ ಅರಸುಮನೆತನಗಳನ್ನು ಕಟ್ಟಿದರು. ತರಫದಾರರು ರಾಜರಾಗಬಾರದೆಂದು ಗೆರೆ ಎಳೆದವನು ಹೋದ ಹತ್ತೇ ವರ್ಷಗಳಲ್ಲಿ ತರಫುಗಳೇ ರಾಜ್ಯಗಳಾದವು.

ಬೀದರಿನ ಮದರಸಾದ ಎರಡು ಮಿನಾರುಗಳಲ್ಲಿ ಒಂದು ಇಂದು ಉಳಿದಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧ ಕುಸಿಯಿತು. ಗವಾನನ ಸಮಾಧಿ ಊರಾಚೆ ಇದೆ. ಸುಲ್ತಾನರ ಗುಮ್ಮಟಗಳ ಸಾಲಿನಲ್ಲಿ ಅಲ್ಲ. ರಾಜಧಾನಿಯಲ್ಲಿ ಹೆಸರಿಗಷ್ಟೇ ಸುಲ್ತಾನನನ್ನು ಕೂರಿಸಿ ಆಡಳಿತವನ್ನೆಲ್ಲ ಕೈಗೆ ತೆಗೆದುಕೊಂಡವನು ಕಾಸಿಂ ಬರೀದ್. ಒಬ್ಬನಿಗೆ ಒಂದೇ ಕೋಟೆ ಎಂಬ ಕಟ್ಟಳೆ ಅಷ್ಟರಲ್ಲಿ ಯಾರಿಗೂ ನೆನಪಿರಲಿಲ್ಲ. ಕಂಧಾರ, ಔಸಾ, ಉದಗೀರ, ಈ ಮೂರು ಕೋಟೆಗಳೂ ಅವನೊಬ್ಬನವೇ ಆಗಿದ್ದವು.